ಹಿಂಡಿ ಅಂಗಡಿಯವರು ಬಂದರೆ ನಾವೂ ಬರ್ತೀವಿ

ಯಾವ ಆಪ್ ಬಳಸಬೇಕು ಅಂತ ನಾವೇ ಆರಿಸಿಕೊಳ್ಳುತ್ತೇವೆ ಅನ್ನೋದು ಶುದ್ಧ ಭ್ರಮೆ. ಪ್ಲೇ ಸ್ಟೋರಿನಲ್ಲಿ ನಕ್ಷತ್ರ ಎಣಿಸಿ, ರಿವ್ಯೂ ಓದಿ, ಎಷ್ಟು ಎಂಬಿ ಅಂತ ನೋಡಿ ಇಳಿಸಿಕೊಳ್ಳುವವರು ಎಲ್ಲೋ ಇರಬಹುದು. ನಾನಂತೂ ನೋಡಿಲ್ಲ. ನಾನು ಕಂಡ ಮನೆಗಳಲ್ಲೆಲ್ಲ ಇದನ್ನು ತೀರ್ಮಾನಿಸುವುದು ಕೂತ ಜಾಗ ಬಿಟ್ಟು ಕದಲದ ಒಬ್ಬ ವ್ಯಕ್ತಿ. ನಮ್ಮ ಕುಟುಂಬದಲ್ಲಿ ಅದು ಮೈಸೂರಿನ ದೊಡ್ಡಮ್ಮ.

ದೊಡ್ಡಮ್ಮ ಸ್ಮಾರ್ಟ್‌ಫೋನ್ ಹಿಡಿಯುವ ಮುಂಚೆ ನಾವು ಸ್ವತಂತ್ರರಾಗಿದ್ದೆವು. 2004ರಲ್ಲಿ ಶುರುವಾದ ಆರ್ಕುಟ್ ನಮ್ಮ ಕಾಲೇಜಿಗೂ ಬಂತು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಪಕ್ಕದ ಕುರ್ಚಿಯಲ್ಲೇ ಕೂತಿರುವ ಗೆಳೆಯನಿಗೆ ‘ಹೇಗಿದ್ದೀಯ’ ಅಂತ ಸ್ಕ್ರಾಪ್ ಹಾಕುತ್ತಿದ್ದೆವು. ನಮ್ಮ ಪ್ರೊಫೈಲ್ ಯಾರು ನೋಡಿ ಹೋದರು ಅಂತ ಬೇರೆ ಅದು ತೋರಿಸುತ್ತಿತ್ತು. ಎಷ್ಟೋ ಪ್ರೇಮಗಳು ಹುಟ್ಟಿದ್ದೂ ಸತ್ತಿದ್ದೂ ಆ ಒಂದು ಪಟ್ಟಿಯಿಂದಲೇ. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದಕ್ಕೆ ಬೀಗ ಹಾಕಿದಾಗ ನಾವ್ಯಾರೂ ಅಳಲಿಲ್ಲ, ಯಾಕೆಂದರೆ ಆಗಲೇ ಫೇಸ್‌ಬುಕ್ಕಿಗೆ ಗುಳೆ ಹೋಗಿ ಆಗಿತ್ತು. ಅಲ್ಲಿಗೂ ಸೋದರಮಾವಂದಿರು ಬಂದರು. ಬಂದವರು ಸುಮ್ನೆ ಇರದೆ ನಮ್ಮ ಹಳೇ ಟ್ರಿಪ್ಪಿನ ಫೋಟೊ ಹುಡುಕಿ ತೆಗೆದು ಅದರ ಕೆಳಗೆ ‘ಶುಭವಾಗಲಿ, ಓದಿನ ಕಡೆಯೂ ಗಮನವಿರಲಿ’ ಅಂತ ಬರೆದರು. ನಾವು ಇನ್‌ಸ್ಟಾಗ್ರಾಮ್‌ಗೆ ಓಡಿದೆವು. ಹೀಗೆ ನೆಂಟರು ಒಳಗೆ ಬಂದಂತೆಲ್ಲ ಹಿಂಬಾಗಿಲಿನಿಂದ ಜಾಗ ಖಾಲಿ ಮಾಡುತ್ತಿದ್ದವರು, ವಾಟ್ಸಾಪಿನಲ್ಲಿ ಮಾತ್ರ ಸಿಕ್ಕಿಬಿದ್ದೆವು. ಅಲ್ಲಿಂದ ಹೊರಗೆ ಹೋಗಲು ಒಂದು ಪ್ರಯತ್ನವೂ ನಡೆಯಿತು.

2021ರ ಜನವರಿಯಲ್ಲಿ ವಾಟ್ಸಾಪು ಹೊಸ ಪ್ರೈವೆಸಿ ನಿಯಮ ಒಪ್ಪಿಕೊಳ್ಳಿ ಅಂತ ಎಲ್ಲರ ಫೋನಿಗೂ ನೋಟಿಸ್ ಕಳಿಸಿತ್ತಲ್ಲ, ಆಗ ದೊಡ್ಡಮ್ಮನ ಮೊಮ್ಮಗ ‘ಎಲ್ಲರೂ ಸಿಗ್ನಲ್ ಆಪ್‌ಗೆ ಬನ್ನಿ’ ಅಂತ ಕರೆ ಕೊಟ್ಟ. ಕೊಟ್ಟಿದ್ದು ವಾಟ್ಸಾಪಿನಲ್ಲೇ ಅನ್ನಿ. ಒಬ್ಬೊಬ್ಬರಾಗಿ ಹೋದರು. ಅಲ್ಲಿ ‘ಹಾಯ್’ ಅಂದರು. ಇನ್ಯಾರೋ ‘ಹಾಯ್’ ಅಂದರು. ಮುಂದೆ ಏನು ಮಾತಾಡಬೇಕು ಅಂತ ಯಾರಿಗೂ ತೋಚಲಿಲ್ಲ. ವಾಪಸ್ ವಾಟ್ಸಾಪಿಗೆ ಬಂದು, ‘ನಾನು ಸಿಗ್ನಲ್‌ನಲ್ಲಿ ಹಾಯ್ ಅಂದಿದ್ದೀನಿ, ಯಾರೂ ನೋಡಿಲ್ಲ’ ಅಂತ ದೂರು ಕೊಟ್ಟರು.

ದೊಡ್ಡಮ್ಮ ಕದಲಲಿಲ್ಲ. ಅವರ ತೊಂದರೆ ಪ್ರೈವೆಸಿಯದಲ್ಲ, ಹಾಲಿನದು. ನಾಳೆ ಅರ್ಧ ಲೀಟರ್ ಜಾಸ್ತಿ ಬೇಕು, ನಾಡಿದ್ದು ಏಕಾದಶಿ ಬೇಡ, ನಿನ್ನೆಯದು ಒಡೆದುಹೋಯ್ತು, ಎಲ್ಲವೂ ಹಾಲಿನವರಿಗೆ ವಾಯ್ಸ್ ಮೆಸೇಜಿನಲ್ಲೇ ಹೋಗುವುದು. ‘ಹಾಲಿನವರು ಅಲ್ಲಿಗೆ ಬಂದರೆ ನಾನೂ ಬರ್ತೀನಪ್ಪ’ ಅಂದರು. ಮೊಮ್ಮಗ ಬಿಡಲಿಲ್ಲ, ಬೆಳಿಗ್ಗೆ ಬೇಗ ಎದ್ದು ಗೇಟಿನ ಹತ್ತಿರ ಕಾದು ಹಾಲಿನವರನ್ನೇ ಕೇಳಿದ. ಅವರು ಕ್ಯಾನು ಕೆಳಗಿಟ್ಟು, ಬಹಳ ಯೋಚನೆ ಮಾಡಿ, ‘ನಮ್ ಹಿಂಡಿ ಅಂಗಡಿಯವರು ಅದ್ರಲ್ಲಿ ಇದ್ದಾರಾ ಸಾರ್?’ ಅಂದರು. ಒಂದು ಇಡೀ ವಂಶದ ಮಾಹಿತಿ ಸುರಕ್ಷತೆ ಯಾವುದೋ ಹಿಂಡಿ ಬೂಸದ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕೂತಿದೆ ಅಂತ ಅವತ್ತು ಗೊತ್ತಾಯಿತು. 2025ರಲ್ಲಿ ಜೋಹೊ ಕಂಪನಿಯವರ ಮೆಸೇಜಿಂಗ್ ಆಪ್ ಅರಟ್ಟೈ ಸುದ್ದಿ ಮಾಡಿದಾಗಲೂ ಇದೇ ಕತೆ. ಹಾಯ್, ಹಾಯ್, ವಾಪಸ್.

ಎಲ್ಲರೂ ಎಲ್ಲದಕ್ಕೂ ಒಂದೇ ಕಡೆ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ತೀರ್ಥಹಳ್ಳಿ ಕಡೆಯ ಚಿಕ್ಕಪ್ಪನೇ ಸಾಕ್ಷಿ. ಅವರು ಅಡಿಕೆ ಬೆಳೆಗಾರರು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬಗೆಬಗೆಯ ಅಡಿಕೆಗೆ ಶಿವಮೊಗ್ಗ ಮಾರುಕಟ್ಟೆಯ ಧಾರಣೆ ದಿನಾ ಒಂದು ಗ್ರೂಪಿಗೆ ಬರುತ್ತದೆ. ಕೊಡಬೇಕಾ, ಇಟ್ಟುಕೊಳ್ಳಬೇಕಾ ಅಂತ ಅಲ್ಲಿ ಚರ್ಚೆ ನಡೆಯುತ್ತದೆ, ಚಿಕ್ಕಪ್ಪನ ಮಾತಿಗೆ ಅಲ್ಲಿ ಭಾರೀ ತೂಕ. ಒಂದು ಸಂಜೆ ಆ ಗ್ರೂಪಿನಲ್ಲಿ ಯಾರೋ ಸಲಹೆ ಕೇಳಿದರು. ಅದೇ ಹೊತ್ತಿಗೆ ಫ್ಯಾಮಿಲಿ ಗ್ರೂಪಿನಲ್ಲಿ ದೂರದ ಹಿರಿಯರೊಬ್ಬರು ತೀರಿಕೊಂಡ ಸುದ್ದಿ. ಮಗ ಹೊರದೇಶದಿಂದ ಬರಬೇಕು, ಏನು ಮಾಡೋದು ಅಂತ ಮನೆಯವರು ಯೋಚಿಸುತ್ತಿದ್ದಾರೆ ಅಂತಲೂ ಬರೆದಿತ್ತು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಓಂ ಶಾಂತಿ, ಓಂ ಶಾಂತಿ. ಅದರ ಕೆಳಗೆ ಚಿಕ್ಕಪ್ಪ: ‘ಅವಸರ ಬೇಡ. ಒಂದು ವಾರ ಇಟ್ಕೊಳ್ಳಿ. ಒಣಗಿದಷ್ಟೂ ಒಳ್ಳೇದು.’

ಕಳಿಸಿದ ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ 2017ರಲ್ಲಿ ಬಂದಾಗ ಕೊಟ್ಟಿದ್ದು ಏಳೇ ನಿಮಿಷ. ಮಳೆಗಾಲದ ಮಲೆನಾಡಿನಲ್ಲಿ ಏಳು ನಿಮಿಷ ಅಂದರೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವುದಕ್ಕೂ ಸಾಲದು. ಈಗ ಎರಡು ದಿನಕ್ಕೂ ಜಾಸ್ತಿ ಅವಕಾಶ ಇದೆ, ಹಾಗಾಗಿ ಚಿಕ್ಕಪ್ಪನಿಗೆ ಸಮಯದ ಅಭಾವವೇನೂ ಇರಲಿಲ್ಲ. ಯಾರೋ ಫೋನ್ ಮಾಡಿ ಬೈದ ತಕ್ಷಣ ಒತ್ತಿ ಹಿಡಿದು ಅಳಿಸಿದರು. ಆದರೆ ಅವರು ಆರಿಸಿದ್ದು ‘ಡಿಲೀಟ್ ಫಾರ್ ಮಿ’. ಅವರ ಫೋನಿನಿಂದ ಮೆಸೇಜ್ ಹೋಯಿತು, ಅವರು ನೆಮ್ಮದಿಯಾಗಿ ಮಲಗಿದರು. ನಮ್ಮೆಲ್ಲರ ಫೋನಿನಲ್ಲಿ ಅದು ಇವತ್ತಿಗೂ ಇದೆ. ಅಂತ್ಯಕ್ರಿಯೆಗೆ ಹೋದಾಗ ಎಲ್ಲರೂ ತಮ್ಮನ್ನು ಒಂಥರಾ ನೋಡಿದ್ದು ಯಾಕೆ ಅಂತ ಅವರಿಗೆ ಅರ್ಥವಾಗಿರಲಿಲ್ಲ. ಕೊನೆಗೆ ತೀರಿಕೊಂಡವರ ತಮ್ಮನೇ, ಅವರಿಗೂ ತೋಟ ಇದೆ, ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರಂತೆ: ‘ಹಾಗಾದ್ರೆ ರಾಶಿ ಏರುತ್ತೆ ಅಂತೀಯಾ?’

ಇಂಥದ್ದೆಲ್ಲ ನೋಡಿ ಬುದ್ಧಿ ಕಲಿತವನು ಮೊಮ್ಮಗ. ಅವನು ಬೆಂಗಳೂರಿನ ಕಂಪನಿಗೆ ಮೈಸೂರಿನ ಮನೆಯಿಂದಲೇ ಕೆಲಸ ಮಾಡುತ್ತಾನೆ. ಆಪ್‌ಗಳ ವಿಷಯದಲ್ಲಿ ಅವನದು ಭಯಂಕರ ಮಡಿ. ಆಫೀಸಿನದು ಆಫೀಸಿನ ಆಪಿನಲ್ಲಿ, ಮನರಂಜನೆ ಯೂಟ್ಯೂಬಿನಲ್ಲಿ, ಒಂದಕ್ಕೊಂದು ಸೋಕುವಂತಿಲ್ಲ. ಆದರೆ ನಡುಮನೆಯ ಟಿವಿಗೆ ಲಾಗಿನ್ ಆಗಿರುವುದು ಅವನದೇ ಅಕೌಂಟಿನಿಂದ, ರಿಮೋಟ್ ಇರುವುದು ದೊಡ್ಡಮ್ಮನ ಕೈಯಲ್ಲಿ. ಕ್ಲೈಂಟ್ ಮೀಟಿಂಗಿನಲ್ಲಿ ಏನೋ ಡೆಮೊ ತೋರಿಸಬೇಕು ಅಂತ ಸ್ಕ್ರೀನ್ ಶೇರ್ ಮಾಡಿ ಯೂಟ್ಯೂಬ್ ತೆರೆದರೆ, ಮುಖಪುಟದ ತುಂಬ ಮಂಡಿನೋವಿಗೆ ಎಕ್ಕದ ಎಲೆ, ಇಡೀ ರಾತ್ರಿಯ ಯಕ್ಷಗಾನ, ತುಳಸಿ ಒಣಗಿದರೆ ಮನೆಗೆ ಏನಾಗುತ್ತೆ ಗೊತ್ತಾ. ಈಗ ಟೀಮಿನಲ್ಲಿ ಅವನ ಹೆಸರೇ ಎಕ್ಕದ ಎಲೆ.

ಇನ್ನು ಆಫೀಸಿನ ಆಪ್. ಐದು ನಿಮಿಷ ಮೌಸ್ ಅಲ್ಲಾಡದಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗಿ, ಇವನು ಜಾಗದಲ್ಲಿಲ್ಲ ಅಂತ ಊರಿಗೆಲ್ಲ ಸಾರುತ್ತದೆ. ಅದಕ್ಕೆ ಅವನೊಂದು ಉಪಾಯ ಓದಿಕೊಂಡಿದ್ದ. ಸೆಕೆಂಡಿನ ಮುಳ್ಳಿರುವ ಕೈಗಡಿಯಾರದ ಮೇಲೆ ಮೌಸ್ ಇಟ್ಟರೆ, ಮುಳ್ಳು ಸರಿಯುವುದನ್ನೇ ಮೌಸು ತನ್ನ ಚಲನೆ ಅಂದುಕೊಳ್ಳುತ್ತದೆ. ಮನೆಯಲ್ಲಿ ಅಜ್ಜನ ಹಳೇ ಎಚ್‌ಎಂಟಿ ಇತ್ತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ಕಟ್ಟಿದವರು ಇಂಥ ಉಪಯೋಗವನ್ನು ಕನಸಿನಲ್ಲೂ ನೆನೆಸಿರಲಿಕ್ಕಿಲ್ಲ. ವಾಚಿನ ಮೇಲೆ ಮೌಸ್ ಇಟ್ಟು ಇವನು ನಜರ್‌ಬಾದ್ ಕಡೆ ದೋಸೆ ತಿನ್ನಲು ಹೋಗುತ್ತಿದ್ದ. ಎಲ್ಲ ಚೆನ್ನಾಗಿ ನಡೆದಿತ್ತು. ಆದರೆ ಅದು ಕೀ ಕೊಡುವ ವಾಚು, ಬ್ಯಾಟರಿಯದಲ್ಲ. ಒಂದು ದಿನ ಕೀ ಕೊಡಲು ಮರೆತ. ಎರಡನೇ ದೋಸೆಗೆ ಕೈ ಹಾಕುವಾಗ ಮ್ಯಾನೇಜರ್ ಫೋನು.

‘ವಾಚು ನಿಂತೋಯ್ತು’ ಅಂತ ಅವನು ಮನೆಯಲ್ಲಿ ಗೊಣಗಿದ್ದನ್ನು ದೊಡ್ಡಮ್ಮ ಕೇಳಿಸಿಕೊಂಡರು. ಅಜ್ಜನ ವಾಚನ್ನು ಹುಡುಗ ಮೇಜಿನ ಮೇಲೇ ಇಟ್ಟುಕೊಂಡು ಕೆಲಸ ಮಾಡುತ್ತಾನಲ್ಲ ಅಂತ ಅವರಿಗೆ ಕಣ್ಣು ತುಂಬಿ ಬಂತು. ಆವತ್ತಿನಿಂದ ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಅವರೇ ಅದಕ್ಕೆ ಕೀ ಕೊಟ್ಟು, ಇದ್ದ ಹಾಗೇ ಮೌಸಿನ ಕೆಳಗೆ ಇಡುತ್ತಾರೆ. ಬೇಡ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ, ಲ್ಯಾಪ್‌ಟಾಪ್ ಆರಿಸುವ ಅಭ್ಯಾಸವಂತೂ ಮೊದಲೇ ಇಲ್ಲ. ಹೋದ ಭಾನುವಾರ ಬೆಳಿಗ್ಗೆ ಹಸಿರು ಚುಕ್ಕೆ ನೋಡಿದ ಮ್ಯಾನೇಜರ್ ‘ಓ, ಇದ್ದೀಯಲ್ಲ, ಒಳ್ಳೇದಾಯ್ತು’ ಅಂತ ಬರೆದು ಒಂದು ಎಕ್ಸೆಲ್ ಶೀಟ್ ಕಳಿಸಿದರು.