ಆ ಟೆಂಚ್ ಮೀನನ್ನು ಯಾರೂ ನೋಡಲಿಲ್ಲ

ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಹಳೆಯ ಗೆಳೆಯರ ಗಾಳದ ಪಂದ್ಯವಿತ್ತು. ನಾನು ಸ್ಪರ್ಧಿಸಲು ಹೋಗಿರಲಿಲ್ಲ, ದಂಡೆಯಲ್ಲಿ ನಿಂತು ನೋಡಲು ಹೋಗಿದ್ದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಇರುವಂಥದ್ದೇ ಒಂದು ಕೆರೆ: ನೆಲ ಅಗೆದು ಮಾಡಿದ್ದು, ಅಂಚಿನುದ್ದಕ್ಕೂ ಸಂಖ್ಯೆ ಬರೆದ ಮರದ ಕಟ್ಟೆಗಳು, ಒಳಗೆ ತಂದು ತುಂಬಿದ ಕಾರ್ಪ್ ಮೀನು. ಪಂದ್ಯ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ನನ್ನ ಮುಂದೆ ಕುಳಿತವನಿಗೆ ಒಂದು ಟೆಂಚ್ ಸಿಕ್ಕಿತು. ಆಲಿವ್ ಹಸಿರಿನ ನುಣ್ಣನೆಯ ಮೈ, ಪುಟ್ಟ ಕೆಂಪು ಕಣ್ಣು, ಮೊಟ್ಟೆಗಟ್ಟಿದ ಹೊಟ್ಟೆ. ಅಂದು ಆ ಕೆರೆಯಿಂದ ಮೇಲೆ ಬಂದ ಅತ್ಯಂತ ಚೆಂದದ ಜೀವ ಅದು. ಅವನು ಗಾಳ ಬಿಡಿಸಿದ, ಹಿಡಿದ ಮೀನನ್ನು ನೀರಿನಲ್ಲೇ ಜೀವಂತ ಇಡುವ ಕೀಪ್‌ನೆಟ್ ಎಂಬ ಬಲೆಗೆ ಜಾರಿಸಿದ, ಕೊರಳಿಗೆ ತೂಗುಹಾಕಿಕೊಂಡಿದ್ದ ಎಣಿಕೆಯ ಗುಂಡಿ ಒತ್ತಿದ. ಮೀನಿನ ಮೇಲೆ ಅವನ ದೃಷ್ಟಿ ಒಂದು ಕ್ಷಣವೂ ನಿಲ್ಲಲಿಲ್ಲ. ಅವನ ಕಣ್ಣು ಪಕ್ಕದ ಕಟ್ಟೆಯವನ ಬಲೆಯ ಮೇಲಿತ್ತು.

ಅದೇ ರಾತ್ರಿ ಒಬ್ಬ ಗೆಳೆಯ ನನ್ನ ಹಳೆಯ ಫೋಟೋದ ಕೆಳಗೆ ಬರೆದಿದ್ದಾನೆ: ನೀನು ಸೋಲಿಗೆ ಹೆದರಿ ಪಂದ್ಯ ಬಿಟ್ಟೆ, ಹುಸಿನೊಣ ತೋರಿಸಿ ಮೀನು ಹಿಡಿಯುವ ಸಾಹುಕಾರರ ಫ್ಲೈ ಫಿಷಿಂಗ್ ಹಿಡಿದೆ ಎಂದು. ಒಂದು ಸಾಲಿನ ಉತ್ತರ ಸಾಲದು, ಆದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ಊರಿನ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ. ಇಂಗ್ಲೆಂಡಿನಲ್ಲಿ ಸಿಹಿನೀರಿಗೆ ಗಾಳ ಹಾಕುವವರಲ್ಲಿ ಎರಡು ಪಂಗಡ. ಸಾಲ್ಮನ್, ಟ್ರೌಟ್ ಹಿಡಿಯುವವರು ಒಂದು ಕಡೆ. ರೋಚ್, ಬ್ರೀಮ್, ಟೆಂಚ್, ಪರ್ಚ್, ಕಾರ್ಪ್ ಹಿಡಿಯುವ ಕೋರ್ಸ್ ಮೀನುಗಾರರು ಇನ್ನೊಂದು ಕಡೆ. ಈ ದೇಶದಲ್ಲಿ ನನ್ನನ್ನು ಮೊದಲು ಪಕ್ಕದಲ್ಲಿ ಕೂರಿಸಿಕೊಂಡವರು ಎರಡನೆಯ ಪಂಗಡದವರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಟ್ರೆಂಟ್ ನದಿಯ ದಂಡೆಗೆ ಬರುವ ಜನ. ತಮ್ಮ ಫ್ಲಾಸ್ಕಿನ ಚಹಾವನ್ನು ನನ್ನ ಜೊತೆ ಹಂಚಿಕೊಂಡವರು. ಅವರ ಋಣ ನನ್ನ ಮೇಲಿದೆ. ನನ್ನ ಜಗಳ ಅವರೊಂದಿಗಲ್ಲ, ಪಂದ್ಯದೊಂದಿಗೆ.

ಪಂದ್ಯ ನಡೆಯುವ ಬಗೆ ಹೀಗೆ. ಬೆಳಿಗ್ಗೆ ಚೀಟಿ ಎತ್ತಬೇಕು. ಯಾವ ಕಟ್ಟೆ ಬಂತೋ ಅಲ್ಲೇ ಐದು ಗಂಟೆ ಕೂರಬೇಕು. ಕೈಯಲ್ಲಿ 13ರಿಂದ 16 ಮೀಟರ್ ಉದ್ದದ ಕಾರ್ಬನ್ ಪೋಲ್, ಅಂದರೆ ಗಾಳದ ಕೋಲು. ಹುಳು, ಪೆಲೆಟ್ ಎಂಬ ಮೇವಿನ ಗುಳಿಗೆ, ಗ್ರೌಂಡ್‌ಬೇಟ್ ಎಂಬ ಪುಡಿಮೇವು ಎರಚಿ ಮೀನನ್ನು ನಾವಿದ್ದಲ್ಲಿಗೇ ಬರಿಸುತ್ತೇವೆ. ಹಿಡಿದದ್ದೆಲ್ಲ ಕೀಪ್‌ನೆಟ್‌ನೊಳಗೆ. ಬಲೆಯೊಳಗಿನ ತೂಕ ಎಷ್ಟಾಯಿತೆಂಬ ಅಂದಾಜಿಗೆ ಆ ಎಣಿಕೆಯ ಗುಂಡಿ. ಕೊನೆಗೆ ತಕ್ಕಡಿಯವರು ಬಂದು, ಎಲ್ಲವನ್ನೂ ಚೀಲಕ್ಕೆ ಸುರಿದು, ತೂಗಿ, ಒಂದು ಸಂಖ್ಯೆಯನ್ನು ಕೂಗುತ್ತಾರೆ. ತಕ್ಕಡಿಯ ಮುಂದೆ ಟೆಂಚ್ ಎಂಬ ಜೀವವಿಲ್ಲ, ಬ್ರೀಮ್ ಎಂಬ ಜೀವವಿಲ್ಲ.

ಸೋಲಿಗೆ ಹೆದರಿದೆ ಎನ್ನುವವನಿಗೆ ಒಂದು ಮಾತು. ನಾನು ಗೆದ್ದಿದ್ದೇನೆ, ನೀನೂ ನೋಡಿದ್ದೀಯೆ. ಗೆದ್ದು ಬಂದ ರಾತ್ರಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ, ಹಿಡಿದ ಒಂದು ಮೀನೂ ನೆನಪಿಗೆ ಬರುತ್ತಿರಲಿಲ್ಲ. ತೂಕ ಬರುತ್ತಿತ್ತು, ಎರಡನೆಯವನಿಗಿಂತ ಎಷ್ಟು ಹೆಚ್ಚು ಎಂಬ ಲೆಕ್ಕ ಬರುತ್ತಿತ್ತು. ಅಪ್ಪ ತೀರಿಕೊಂಡ ವರ್ಷ ಶೃಂಗೇರಿಗೆ ಹೋಗಿದ್ದಾಗ ತುಂಗೆಯ ಮೆಟ್ಟಿಲ ಮೇಲೆ ಕುಳಿತೆ. ಮಂಡಕ್ಕಿಗೆ ಮುತ್ತುವ ಆ ದೊಡ್ಡ ಮೀನುಗಳನ್ನು ಯಾರೂ ಮುಟ್ಟುವಂತಿಲ್ಲ, ಆದ್ದರಿಂದ ಜನ ಅವುಗಳನ್ನು ಸುಮ್ಮನೆ ನೋಡುತ್ತಾರೆ. ಪಕ್ಕದಲ್ಲಿ ಒಂದು ಮಗು ಪ್ರತಿಯೊಂದು ಮೀನಿಗೂ ಹೆಸರಿಡುತ್ತಿತ್ತು. ಅಂದು ನನಗೆ ಅಳು ಬಂತು, ಅಪ್ಪನಿಗಾಗಿ ಮಾತ್ರವಲ್ಲ.

ಫ್ಲೈ ಫಿಷಿಂಗ್ ಶುರುಮಾಡಿದ ಮೇಲೆ ನೋಡುವುದು ಅನಿವಾರ್ಯವಾಯಿತು. ಗರಿ, ತುಪ್ಪಳ, ದಾರ ಸುತ್ತಿ ಮಾಡಿದ ಹುಸಿನೊಣಕ್ಕೆ ತೂಕವೆಂಬುದೇ ಇಲ್ಲ. ಊದಿದರೆ ಅಂಗೈಯಿಂದ ಹಾರಿಹೋಗುತ್ತದೆ. ಅದನ್ನು ದೂರಕ್ಕೆ ಒಯ್ಯುವುದು ಗಾಳದ ದಪ್ಪ ದಾರದ ಭಾರ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಪಂದ್ಯದ ಅವಸರಕ್ಕೆ ಪಳಗಿದ ತೋಳಿಗೆ ಆ ತಡೆಯುವಿಕೆ ಬಹಳ ಕಷ್ಟ. ಅದಕ್ಕಿಂತ ಕಷ್ಟದ್ದು, ಮೀನು ಈಗ, ಈ ಗಳಿಗೆಯಲ್ಲಿ, ಏನನ್ನು ತಿನ್ನುತ್ತಿದೆ ಎಂದು ಕಂಡುಕೊಳ್ಳುವುದು. ಇಲ್ಲಿ ನಾವು ಊಟ ಹಾಕಿ ಕರೆಯುವುದಿಲ್ಲ. ಅದು ಉಣ್ಣುವಲ್ಲಿಗೆ ನಾವು ಹೋಗಬೇಕು.

ಈಗ ಮೇ ತಿಂಗಳ ಕೊನೆ. ಡರ್ಬಿಶೈರ್‌ನ ಡವ್ ನದಿಯಲ್ಲಿ ಮೇಫ್ಲೈ ಏಳುವ ಕಾಲ. ಈ ಕೀಟ ಸಾಮಾನ್ಯವಾಗಿ ಎರಡು ವರ್ಷ ನದಿಯ ತಳದ ಹೂಳಿನಲ್ಲಿ ಬಿಲ ತೋಡಿಕೊಂಡು ಬದುಕುತ್ತದೆ. ಒಂದು ಮಧ್ಯಾಹ್ನ ಮೇಲೆದ್ದು ಬಂದು, ನೀರಿನ ಮೇಲೆಯೇ ಪೊರೆ ಕಳಚಿ ರೆಕ್ಕೆ ಬಿಡಿಸುತ್ತದೆ. ದಡದ ಗಿಡಕ್ಕೆ ಹಾರಿ ಮತ್ತೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಕಳಚುವ ಕೀಟಗಳು ಇಂದು ಜಗತ್ತಿನಲ್ಲಿ ಈ ವರ್ಗ ಬಿಟ್ಟರೆ ಬೇರೆಯಿಲ್ಲ. ರೆಕ್ಕೆ ಬಂದ ಬಳಿಕ ಅದು ಏನನ್ನೂ ತಿನ್ನುವುದಿಲ್ಲ. ಕೂಡಿ, ಮೊಟ್ಟೆಯಿಟ್ಟು, ಒಂದೆರಡು ದಿನಗಳಲ್ಲಿ ನೀರಿನ ಮೇಲೆ ಸತ್ತು ಬೀಳುತ್ತದೆ. ಏಳುತ್ತಿರುವ ಮರಿಯೋ, ಹೊಸ ರೆಕ್ಕೆಯದೋ, ಸತ್ತು ತೇಲುವುದೋ, ಟ್ರೌಟ್ ತನಗೆ ಬೇಕಾದದ್ದನ್ನೇ ಆರಿಸಿ ತಿನ್ನುತ್ತದೆ. ಅದನ್ನು ಗುರುತಿಸದಿದ್ದರೆ ಬರಿಗೈ. ಬರಿಗೈಯಲ್ಲಿ ಮನೆಗೆ ಬಂದ ಸಂಜೆಯೂ ಆ ನದಿಯ ಬಗ್ಗೆ ಹೆಂಡತಿಗೆ ಹೇಳಲು ನನ್ನ ಬಳಿ ಒಂದು ಗಂಟೆಯ ಮಾತಿರುತ್ತದೆ.

ಸಾಹುಕಾರರ ಆಟ ಎಂಬ ಮಾತಿಗೆ ಬರುತ್ತೇನೆ. ಹ್ಯಾಂಪ್‌ಶೈರ್‌ನ ಟೆಸ್ಟ್ ನದಿಯ ಒಳ್ಳೆಯ ಭಾಗಗಳಲ್ಲಿ ಒಂದು ದಿನಕ್ಕೆ ನೂರಾರು ಪೌಂಡ್ ಕೇಳುತ್ತಾರೆ, ನಿಜ. ಫ್ಲೈ ಫಿಷಿಂಗ್ ಬಗ್ಗೆ ಪುಸ್ತಕ ಬರೆದ ಹ್ಯಾಲ್‌ಫರ್ಡ್‌ನ ಕಾಲದಿಂದ ಅಲ್ಲಿ ತೇಲುವ ನೊಣವೊಂದೇ ಮರ್ಯಾದಸ್ಥರದು ಎಂಬ ಮಡಿ ಬೆಳೆಯಿತು, ಅದೂ ನಿಜ. ಆ ಮಡಿವಂತಿಕೆ ನನಗೂ ಸಹ್ಯವಲ್ಲ. ಆದರೆ ಫ್ರಾಂಕ್ ಸಾಯರ್ ಯಾರು? ವಿಲ್ಟ್‌ಶೈರ್‌ನ ಏವನ್ ನದಿಯ ಕಾವಲುಗಾರ, ಸಂಬಳಕ್ಕೆ ನದಿ ಕಾಯ್ದವನು. ದಿನವೂ ನೀರನ್ನು ನೋಡಿ ನೋಡಿ, ಫೆಸೆಂಟ್ ಹಕ್ಕಿಯ ಬಾಲದ ಗರಿ ಮತ್ತು ತಾಮ್ರದ ತಂತಿ ಇವೆರಡರಿಂದಲೇ, ದಾರವನ್ನೂ ಬಳಸದೆ, ಮುಳುಗುವ ನೊಣ ಕಟ್ಟಿದ. ಇಂದು ಜಗತ್ತಿನ ಟ್ರೌಟ್ ನದಿಗಳಲ್ಲೆಲ್ಲ ಅದು ಓಡಾಡುತ್ತಿದೆ. ಇನ್ನು ರಟ್ಲೆಂಡ್‌ನಂಥ ಕುಡಿಯುವ ನೀರಿನ ಜಲಾಶಯಗಳಲ್ಲಿ ದಿನದ ಟಿಕೆಟ್ ಕೊಂಡು ಯಾರು ಬೇಕಾದರೂ ಗಾಳ ಹಾಕಬಹುದು. ಅಂದಹಾಗೆ, ಈ ಆಕ್ಷೇಪ ಎತ್ತಿದ ಗೆಳೆಯನ ಪೋಲ್ ಒಂದರ ಬೆಲೆಗೆ ನನ್ನ ಫ್ಲೈ ಸಾಮಗ್ರಿಯನ್ನೆಲ್ಲ ಹಲವು ಸಲ ಕೊಳ್ಳಬಹುದು.

ಪಂದ್ಯವಿಲ್ಲದೆ ಕೌಶಲವಿಲ್ಲ ಎನ್ನುವವರೂ ಇದ್ದಾರೆ. ಐದು ಸಲ ವಿಶ್ವ ಚಾಂಪಿಯನ್ ಆದ ಅಲನ್ ಸ್ಕಾಟ್‌ಥಾರ್ನ್, ನಾಲ್ಕು ಸಲ ಆದ ಬಾಬ್ ನಡ್ ಅವರ ಕೈಚಳಕವನ್ನು ನಾನು ಅಲ್ಲಗಳೆಯಲಾರೆ. ಅಷ್ಟು ಸೂಕ್ಷ್ಮವಾದ ಕೈಗಳು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಆದರೆ ನನ್ನ ಪ್ರಶ್ನೆ ಕೈಯ ಬಗ್ಗೆ ಅಲ್ಲ, ಕಣ್ಣಿನ ಬಗ್ಗೆ. ಫ್ಲೈ ಫಿಷಿಂಗ್‌ಗೂ 1981ರಿಂದ ವಿಶ್ವ ಚಾಂಪಿಯನ್‌ಷಿಪ್ ಇದೆ, ಅಲ್ಲಿ ಮೀನಿನ ಉದ್ದ ಅಳೆದು ಅಂಕ ಕೊಡುತ್ತಾರೆ. ಅದರ ಹತ್ತಿರವೂ ನಾನು ಸುಳಿಯುವುದಿಲ್ಲ.

ಎಣಿಕೆಯ ಮೇಲೆ ನನಗೆ ದ್ವೇಷವಿಲ್ಲ. ಇಲ್ಲಿನ ನದಿಗಳಲ್ಲಿ ಗಾಳದವರೇ ತಿಂಗಳಿಗೊಮ್ಮೆ ನೀರಿಗಿಳಿದು, ಮೂರು ನಿಮಿಷ ತಳದ ಕಲ್ಲು ಕೆದಕಿ, ಬಲೆಗೆ ಬಂದ ಎಂಟು ಗುಂಪಿನ ಹುಳುಗಳನ್ನು ತಟ್ಟೆಯಲ್ಲಿ ಹರವಿ ಎಣಿಸುತ್ತಾರೆ. ಸಂಖ್ಯೆ ಗೊತ್ತುಮಾಡಿದ ಮಟ್ಟಕ್ಕಿಂತ ಕುಸಿದರೆ ಮೇಲೆಲ್ಲೋ ಕೊಳಕು ಸೇರಿದೆ ಎಂದು ಪರಿಸರ ಕಾಯುವ ಸರ್ಕಾರಿ ಸಂಸ್ಥೆ ಎನ್ವಿರಾನ್‌ಮೆಂಟ್ ಏಜೆನ್ಸಿಗೆ ತಿಳಿಸುತ್ತಾರೆ. ಅದು ನದಿಗಾಗಿ ಮಾಡುವ ಎಣಿಕೆ. ಪಂದ್ಯದವನ ಎಣಿಕೆ ತನಗಾಗಿ.

ನಮ್ಮ ಕಡೆಯ ಕಥೆ ಇದಕ್ಕಿಂತ ನೋವಿನದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದ ಒಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದರು. ಗಾಳದ ಹುಚ್ಚಿರುವ ಯಾರನ್ನು ಕೇಳಿದರೂ ಆ 120 ಎಂಬ ಸಂಖ್ಯೆ ಬಾಯಿಗೆ ಬರುತ್ತದೆ. ಕಾವೇರಿ ಕಣಿವೆಯ ಆ ಗೂನುಬೆನ್ನಿನ ಮಹಶೀರ್ ಯಾವ ಪ್ರಭೇದವೆಂದು ವಿಜ್ಞಾನಿಗಳು ಖಚಿತವಾಗಿ ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಎಪ್ಪತ್ತು ವರ್ಷ ನಾವು ತೂಕವನ್ನು ಕಾಪಾಡಿದೆವು, ಮೀನನ್ನು ಕಾಪಾಡಲಿಲ್ಲ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ.

ಹೆದರಿದೆ ಎಂದು ಬರೆದ ಗೆಳೆಯನೇ, ಈ ಶನಿವಾರ ಬಾ. ನಿನ್ನ ಜೇಬಿನಲ್ಲಿರುವ ಕೋರ್ಸ್ ಮೀನಿನ ಪರವಾನಗಿಯೇ ಟ್ರೌಟ್‌ಗೂ ಸಲ್ಲುತ್ತದೆ, ಬೇರೆಯದು ಬೇಡ. ನನ್ನ ಬಳಿ ಎರಡನೆಯ ಕೋಲಿದೆ, ಮುಳ್ಳಿಲ್ಲದ ಗಾಳಗಳಿವೆ, ಡವ್ ನದಿಯಲ್ಲಿ ಇಬ್ಬರಿಗೂ ಅನುಮತಿ ನಾನು ಪಡೆದಿರುತ್ತೇನೆ. ಮಧ್ಯಾಹ್ನ ಒಂದು ಗಂಟೆಯೊಳಗೆ ತಲುಪಿದರೆ ಸಾಕು, ಮೇಫ್ಲೈ ಏಳುವುದು ಆಮೇಲೆಯೇ. ಹಿಡಿತವಿರುವ ಬೂಟು ಹಾಕಿಕೊಂಡು ಬಾ, ಅಲ್ಲಿನ ಕಲ್ಲುಗಳು ಬಹಳ ಜಾರುತ್ತವೆ.