ಹಗುರ ಕನ್ನಡಿಯೂ ಜತ್ತದ ಗಾಳಿಯೂ

ಸೌರ ಒಲೆಯ ಕನ್ನಡಿ ಹಗುರವಾದಷ್ಟೂ ಅಗ್ಗವಾಗುತ್ತದೆ ಎಂದು ವಾದಿಸುವವರನ್ನು ಒಮ್ಮೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ನಮ್ಮ ಜತ್ತ ತಾಲೂಕಿಗೆ ಕರೆತರಬೇಕು ಎನಿಸುತ್ತದೆ. ಇಲ್ಲಿ ಬಿಸಿಲಿಗೆ ಬರವಿಲ್ಲ, ನಿಜ. ಆದರೆ ಗಾಳಿಯಂತ್ರಗಳನ್ನು ನೆಟ್ಟಿರುವುದೂ ಇಲ್ಲಿಯ ಗುಡ್ಡಗಳ ಮೇಲೆಯೇ.

ಮೂರು ವರ್ಷಗಳ ಹಿಂದೆ, ಕೇಬಲ್‌ನವರು ಬಿಟ್ಟುಹೋದ ಆರಡಿ ಅಗಲದ ಡಿಶ್ ಛತ್ರಿಯೊಂದನ್ನು ಗುಜರಿ ಅಂಗಡಿಯಿಂದ ತಂದು, ಅಲ್ಯೂಮಿನಿಯಂ ಲೇಪವಿರುವ ಪಾಲಿಯೆಸ್ಟರ್ ಹಾಳೆಯನ್ನು ಕಲ್ಲಂಗಡಿ ಹೋಳಿನ ಆಕಾರದಲ್ಲಿ ಕತ್ತರಿಸಿ ಅದರ ಒಳಮೈಗೆ ಅಂಟಿಸಿದ್ದೆ. ಬೆಳಕು ಕೂಡುವ ಜಾಗದಲ್ಲಿ, ತಳಕ್ಕೆ ಕಪ್ಪು ಬಳಿದ ಪಾತ್ರೆಯನ್ನು ತೂಗುಹಾಕಿದಾಗ ಐದು ಲೀಟರ್ ನೀರು ಅರ್ಧ ತಾಸಿನೊಳಗೆ ಕುದಿಯಿತು. ನಾಲ್ಕು ಮಿಲಿಮೀಟರ್ ದಪ್ಪದ ಗಾಜಿನ ಕನ್ನಡಿ ಚದರ ಮೀಟರಿಗೆ ಹತ್ತು ಕಿಲೋ ತೂಗುತ್ತದೆ. 50 ಮೈಕ್ರಾನಿನ ಹಾಳೆ 70 ಗ್ರಾಮಿನಷ್ಟು. ಆ ದಿನ ನನಗೂ ಹಾಳೆಯೇ ಗೆದ್ದಂತೆ ಕಂಡಿತ್ತು.

ಆದರೆ ಗಾಳಿ ಕನ್ನಡಿಯ ತೂಕವನ್ನು ಕೇಳುವುದಿಲ್ಲ, ಅಗಲವನ್ನಷ್ಟೇ ನೋಡುತ್ತದೆ. ತಾಸಿಗೆ 54 ಕಿಲೋಮೀಟರ್ ವೇಗದ ಗಾಳಿ, ಎದುರಿಗೆ ನಿಂತ ಪ್ರತಿ ಚದರ ಮೀಟರನ್ನು ಸುಮಾರು 14 ಕಿಲೋ ಭಾರ ಹೇರಿದಂತೆ ಒತ್ತುತ್ತದೆ. ಅದನ್ನು ತಡೆಯಲು ಬೇಕಾದ ಕಬ್ಬಿಣದ ಖರ್ಚು ಗಾಜಿಗೂ ಹಾಳೆಗೂ ಹೆಚ್ಚುಕಡಿಮೆ ಒಂದೇ. ಚೌಕಟ್ಟು ಮುರಿಯದಿದ್ದರೆ ಸಾಕು ಎನ್ನುವಂತೆಯೂ ಇಲ್ಲ: ಆಕಾಶದಲ್ಲಿ ಸೂರ್ಯನ ಅಗಲವೇ ಅರ್ಧ ಡಿಗ್ರಿ, ಕನ್ನಡಿ ಅರ್ಧ ಡಿಗ್ರಿ ವಾಲಿದರೆ ಪ್ರತಿಫಲಿತ ಕಿರಣ ಒಂದು ಡಿಗ್ರಿ ಸರಿಯುತ್ತದೆ, ಪಾತ್ರೆಯ ತಳದಲ್ಲಿರಬೇಕಾದ ಬೆಳಕು ಹಿಡಿಕೆಯ ಮೇಲೆ ಕುಣಿಯತೊಡಗುತ್ತದೆ. (ಒಮ್ಮೆ ಛತ್ರಿಯನ್ನು ಮುಚ್ಚದೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ, ಸೂರ್ಯ ಸರಿದು, ಪಕ್ಕದ ಕಣಿಕೆ ಬಣವೆಯ ಅಂಚು ಹೊಗೆಯಾಡುತ್ತಿತ್ತು. ಈ ಮಾತನ್ನು ಮನೆಯಲ್ಲಿ ಈಗಲೂ ಎತ್ತುತ್ತಾರೆ.) ಎರಡನೆಯ ಬೇಸಿಗೆಗೆ ಹಾಳೆಯ ಅಂಚುಗಳು ಹಾಲುಬಣ್ಣಕ್ಕೆ ತಿರುಗಿ, ನಡುನಡುವೆ ಗುಳ್ಳೆಗಳೆದ್ದವು, ಧೂಳನ್ನು ಒರೆಸಿದಲ್ಲೆಲ್ಲ ಗೀರು.

ನಮ್ಮದೇ ರಾಜ್ಯದ ಶಿರಡಿಯ ಸಾಯಿಬಾಬಾ ಸಂಸ್ಥಾನದಲ್ಲಿ 2009ರಲ್ಲಿ ಅಡುಗೆಯ ಉಗಿಗಾಗಿ 73 ಶೆಫ್ಲರ್ ಛತ್ರಿಗಳನ್ನು (ಸೂರ್ಯನ ಜೊತೆ ತಿರುಗುತ್ತ ಬೆಳಕನ್ನು ಒಂದೇ ಜಾಗಕ್ಕೆ ಎಸೆಯುವ ದೊಡ್ಡ ಕನ್ನಡಿಗಳನ್ನು) ನಿಲ್ಲಿಸಿದಾಗಲೂ ಬಳಸಿದ್ದು ಉಕ್ಕಿನ ಚೌಕಟ್ಟಿಗೆ ಕೂರಿಸಿದ ಗಾಜಿನ ಬಿಲ್ಲೆಗಳನ್ನೇ. ಅಷ್ಟು ಉಕ್ಕು ಕೊಳ್ಳುವ ಶಕ್ತಿ ದೊಡ್ಡ ಸಂಸ್ಥಾನಕ್ಕಿದೆ, ಹಾಲು ಬತ್ತಿಸಿ ಖವಾ ಮಾಡುವ ನಮ್ಮ ಹಳ್ಳಿಯ ಭಟ್ಟಿಗಿಲ್ಲ. ಆದ್ದರಿಂದ ಅಗ್ಗದ ದಾರಿ ಇರುವುದು ಎತ್ತರವನ್ನು ಇಳಿಸುವುದರಲ್ಲಿ ಎಂಬುದು ನನ್ನ ಅಭಿಪ್ರಾಯ. ಒಂದೇ ದೊಡ್ಡ ಛತ್ರಿಯ ಬದಲು, ಗೇಣಗಲದ ಚಪ್ಪಟೆ ಕನ್ನಡಿ ಪಟ್ಟಿಗಳನ್ನು ಮೊಣಕಾಲೆತ್ತರದಲ್ಲಿ ಸಾಲಾಗಿ ಜೋಡಿಸಿ, ಎಲ್ಲವೂ ಮೇಲಿನ ಒಂದೇ ನೀರಿನ ಕೊಳವೆಗೆ ಬೆಳಕು ಎಸೆಯುವಂತೆ ತಿರುಗಿಸಬಹುದು. ನೆಲದ ಹತ್ತಿರ ಗಾಳಿಯ ಜೋರು ಕಡಿಮೆ, ಬಿರುಗಾಳಿ ಎದ್ದಾಗ ಪಟ್ಟಿಗಳನ್ನು ಮಟ್ಟಸವಾಗಿ ಮಲಗಿಸಲೂಬಹುದು. ಛತ್ರಿಯಷ್ಟು ತೀಕ್ಷ್ಣವಾಗಿ ಬೆಳಕು ಕೂಡುವುದಿಲ್ಲ, ಆದರೆ ಹಾಲು ಬತ್ತಿಸುವ ಉಗಿಗೆ ಅಷ್ಟು ಬೇಕಾಗಿಯೂ ಇಲ್ಲ.

ಎರಡು ಮಿಲಿಮೀಟರ್ ದಪ್ಪದ ಸಾದಾ ಕನ್ನಡಿಯ ಆರು ಪಟ್ಟಿಗಳನ್ನು ಕತ್ತರಿಸಿ ತಂದಿದ್ದೇನೆ. ಹಿಂಬದಿಯ ಬಣ್ಣಕ್ಕೆ ಮಳೆನೀರು ತಾಗದಂತೆ ಅಂಚಿಗೆ ಡಾಂಬರು ಬಳಿಯುವ ಕೆಲಸ ನಡೆದಿದೆ.