ಗೌರವಾಧ್ಯಕ್ಷರ ಸಾಲಿನಲ್ಲಿ ಒಬ್ಬ ನಾಸ್ತಿಕ

ಮಂಗಳೂರಿನ ನಮ್ಮ ಬಸ್ಸು ತಂಗುದಾಣದಲ್ಲಿ ಯಾವ ನಂಬರಿನ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಬರೆದಿದ್ದ ಬೋರ್ಡು ಮೂರು ವಾರಗಳಿಂದ ಕಾಣಿಸುತ್ತಿಲ್ಲ. ಅದರ ಮುಂದೆ ಬ್ರಹ್ಮಕಲಶೋತ್ಸವದ ಫ್ಲೆಕ್ಸ್ ಒಂದು ಎದ್ದು ನಿಂತಿದೆ. ಬಸ್ಸಿಗೆ ಕಾಯುವವನಿಗೆ ಎಣಿಸುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ ಕಾರಣ ಎಣಿಸಿದೆ. ಕೈಮುಗಿದು ನಗುತ್ತಿರುವ ಮುಖಂಡರು 14 ಮಂದಿ, ದೇವರು ಒಬ್ಬರೇ. ಅದೂ ಎಡಮೂಲೆಯಲ್ಲಿ, ಅಂಗೈಯಗಲದಲ್ಲಿ, ಮುದ್ರಣಾಲಯದ ಫೋನ್ ನಂಬರಿನ ನೆರೆಯಲ್ಲಿ.

ನಾಸ್ತಿಕನೊಬ್ಬನನ್ನು ದೇಶದ ನಾಯಕನನ್ನಾಗಿ ಮತದಾರರು ಆರಿಸಿಯಾರೇ ಎಂಬ ಗಹನವಾದ ಚರ್ಚೆಯನ್ನು ನಾನು ಪತ್ರಿಕೆಯಲ್ಲಿ ಓದಿದ್ದು ಇದೇ ಫ್ಲೆಕ್ಸಿನ ನೆರಳಿನಲ್ಲಿ. ಅಮೆರಿಕದ ಗ್ಯಾಲಪ್ ಸಂಸ್ಥೆ ಈ ಪ್ರಶ್ನೆಯನ್ನು ದಶಕಗಳಿಂದ ಕೇಳುತ್ತ ಬಂದಿದೆ. 1958ರಲ್ಲಿ ನೂರಕ್ಕೆ 18 ಮಂದಿ ಹೂಂ ಎಂದಿದ್ದರಂತೆ, 2020ರ ಹೊತ್ತಿಗೆ 60 ಮಂದಿ. ನಮ್ಮಲ್ಲಿ ಈ ಪ್ರಶ್ನೆಯನ್ನು ಕೇಳಲು ಮೊದಲು ನಾಸ್ತಿಕನನ್ನು ಹುಡುಕಬೇಕು. 2011ರ ಜನಗಣತಿಯಲ್ಲಿ ತಾನು ನಾಸ್ತಿಕನೆಂದು ಬಾಯಿಬಿಟ್ಟು ಬರೆಸಿದವರು ಇಡೀ ದೇಶದಲ್ಲಿ ಸುಮಾರು 33 ಸಾವಿರ. ನಮ್ಮ ದೇವತೆಗಳ ಸಂಖ್ಯೆ 33 ಕೋಟಿ ಎಂಬುದು ಹಿರಿಯರ ಲೆಕ್ಕ. ಅಂದರೆ ತಲಾ ಒಬ್ಬ ನಾಸ್ತಿಕನ ಮೇಲೆ ನಿಗಾ ಇಡಲು 10,000 ದೇವತೆಗಳ ನಿಯೋಜನೆಯಾಗಿದೆ. ಇಷ್ಟು ಬಂದೋಬಸ್ತಿನಲ್ಲಿ ಅವನು ಠೇವಣಿ ಉಳಿಸಿಕೊಂಡರೆ ಅದೇ ಪವಾಡ.

ಹಾಗೆಂದು ದೇವರೂ ನಮ್ಮಲ್ಲಿ ಪ್ರತಿಸಲ ಗೆದ್ದಿಲ್ಲ. ನಮ್ಮ ಊರಿನಲ್ಲೇ ಹುಟ್ಟಿದ ಎಚ್.ವಿ. ಕಾಮತರು, 1949ರ ಅಕ್ಟೋಬರ್ 17ರಂದು, ಸಂವಿಧಾನದ ಪೀಠಿಕೆ ‘ದೇವರ ಹೆಸರಿನಲ್ಲಿ’ ಎಂದೇ ಆರಂಭವಾಗಬೇಕೆಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ಮಂಡಿಸಿದರು. ದೇವರನ್ನು ಮತಕ್ಕೆ ಹಾಕುವ ಪರಿಸ್ಥಿತಿ ಬಂತಲ್ಲ ಎಂದು ಆಸ್ತಿಕರೇ ಸಂಕಟಪಟ್ಟರೂ ಕಾಮತರು ಹಿಂದೆ ಸರಿಯಲಿಲ್ಲ. ಪರವಾಗಿ 41, ವಿರೋಧವಾಗಿ 68. ದೇವರು 27 ಮತಗಳ ಅಂತರದಿಂದ ಸೋತರು. ಮರುಎಣಿಕೆ ಕೇಳಲಿಲ್ಲ, ಯಂತ್ರವನ್ನು ದೂರಲಿಲ್ಲ, ಪಕ್ಷವನ್ನೂ ಬದಲಿಸಲಿಲ್ಲ.

ಇತ್ತ ದೇವರ ವಿಷಯದಲ್ಲಿ ತನಗೆ ಖಚಿತವಿಲ್ಲವೆಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದ ನೆಹರೂ ಮೂರು ಮಹಾಚುನಾವಣೆಗಳನ್ನು ಗೆದ್ದರು. ತಾನು ಸತ್ತ ಮೇಲೆ ಯಾವ ಧಾರ್ಮಿಕ ವಿಧಿಯೂ ಬೇಡವೆಂದು 1954ರಲ್ಲೇ ಉಯಿಲು ಬರೆದಿಟ್ಟಿದ್ದರೂ, 1964ರಲ್ಲಿ ಅವರಿಗೆ ವಿಧಿಗಳು ಸಾಂಗವಾಗಿಯೇ ನಡೆದವು. ಬದುಕಿರುವಷ್ಟು ಕಾಲ ನಂಬದಿದ್ದರೆ ಅಡ್ಡಿಯಿಲ್ಲ, ಸತ್ತ ಮೇಲೆ ಮೊಂಡುತನ ಬೇಡ ಎಂಬುದು ನಮ್ಮ ಸಹಿಷ್ಣುತೆ. 1996ರಲ್ಲಿ ಕಮ್ಯುನಿಸ್ಟ್ ಜ್ಯೋತಿ ಬಸು ಅವರಿಗೆ ಪ್ರಧಾನಿ ಪಟ್ಟ ಹೊಸ್ತಿಲವರೆಗೆ ಬಂದಿತ್ತು. ತಡೆದವರು ಮತದಾರರೂ ಅಲ್ಲ, ದೇವರೂ ಅಲ್ಲ, ಅವರದೇ ಪಕ್ಷದ ಕೇಂದ್ರ ಸಮಿತಿ. ಆ ಕುರ್ಚಿ ಬಂದದ್ದು ನಮ್ಮ ದೇವೇಗೌಡರಿಗೆ. ದೇವಸ್ಥಾನಗಳ ಮೇಲೆ ಗೌಡರಿಗೆ ಇರುವ ಭಕ್ತಿಯನ್ನು ಬಲ್ಲವರು ಇದನ್ನು ಕಾಕತಾಳೀಯ ಎನ್ನಲಾರರು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ನಂಬಿಕೆಯದ್ದಲ್ಲ, ಹಾಜರಿಯದ್ದು. 2024ರಲ್ಲಿ ನಮ್ಮಲ್ಲಿ ಮತದಾನ ನಡೆದದ್ದು ಏಪ್ರಿಲ್ 26ರಂದು, ಅಂದರೆ ತುಳುನಾಡಿನ ಜಾತ್ರೆ, ನೇಮಗಳಿಗೆ ತೆರೆ ಬೀಳುವ ಪತ್ತನಾಜೆಗೆ ಇನ್ನೂ ಒಂದು ತಿಂಗಳು ಬಾಕಿ ಇದ್ದಾಗ. ಕರಾವಳಿಯಲ್ಲಿ ಆಗ ಬ್ರಹ್ಮಕಲಶ, ನೇಮ, ಜಾತ್ರೆ, ಉರೂಸುಗಳಿಲ್ಲದ ದಿನವನ್ನು ಪಂಚಾಂಗದಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕು. ಅಭ್ಯರ್ಥಿಯಾದವನು ಬೆಳಿಗ್ಗೆ ಹೊರೆಕಾಣಿಕೆ ಮೆರವಣಿಗೆಗೆ ತೆಂಗಿನಕಾಯಿ ಒಡೆದು, ಮಧ್ಯಾಹ್ನ ಅನ್ನಸಂತರ್ಪಣೆಯಲ್ಲಿ ಸೌಟು ಹಿಡಿದು ಮೂರು ಎಲೆಗಳಿಗೆ ಸಾರು ಬಡಿಸಿ ನಾಲ್ಕನೆಯದರಲ್ಲಿ ಫೋಟೋ ತೆಗೆಸಿಕೊಂಡು, ಸಂಜೆ ಧಾರ್ಮಿಕ ಸಭೆಯಲ್ಲಿ ಶಾಲು ಹೊದೆದು, ನಡುರಾತ್ರಿ ನೇಮದ ಗದ್ದೆಯಲ್ಲಿ ದೈವದ ಮುಂದೆ ತಲೆಬಾಗಿ ಗಂಧ ಪಡೆದು, ಅಲ್ಲೇ ಎದುರಾಳಿ ಅಭ್ಯರ್ಥಿಗೂ ಒಂದು ನಮಸ್ಕಾರ ಹಾಕಿ ಮನೆಗೆ ಹೋಗಬೇಕು. ನಾಸ್ತಿಕನು ಇದೆಲ್ಲಕ್ಕೂ ಬರುವುದಿಲ್ಲವೆಂದರೆ ಮತದಾರನನ್ನು ಅವನು ಭೇಟಿಯಾಗುವುದಾದರೂ ಎಲ್ಲಿ? ಎಲ್ಲರೂ ಊಟದ ಸಾಲಿನಲ್ಲಿರುವಾಗ ಅವನೊಬ್ಬ ಮನೆಮನೆಯ ಬೀಗಗಳಿಗೆ ಕರಪತ್ರ ಹಂಚಬೇಕಷ್ಟೆ.

ಪ್ರಮಾಣವಚನದ ದಿನವೂ ಅವನಿಂದ ಮನರಂಜನೆ ಸಿಗದು. ಸಂವಿಧಾನದ ಮೂರನೆಯ ಅನುಸೂಚಿ ಕೊಟ್ಟಿರುವುದು ಎರಡೇ ದಾರಿ: ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೇ ಶ್ರದ್ಧಾಪೂರ್ವಕ ದೃಢೀಕರಣ. ನಮ್ಮ ರಾಜ್ಯದ ಜನಪ್ರತಿನಿಧಿಗಳಿಗೆ ಎರಡು ಸಾಲುವುದಿಲ್ಲ. 2021ರಲ್ಲಿ ಸಚಿವರೊಬ್ಬರು ಗೋಮಾತೆಯ ಹೆಸರಿನಲ್ಲಿ, 2023ರಲ್ಲಿ ಉಪಮುಖ್ಯಮಂತ್ರಿಗಳು ತಮ್ಮ ಗುರು ಗಂಗಾಧರ ಅಜ್ಜನ ಹೆಸರಿನಲ್ಲಿ ಪ್ರಮಾಣ ಮಾಡಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಭ್ರಷ್ಟಾಚಾರದ ಆರೋಪ ಬಂದರಂತೂ ದೇವರಿಲ್ಲದೆ ವಿಚಾರಣೆಯೇ ಸಾಗದು. 2011ರ ಜೂನ್ 27ರಂದು ಯಡಿಯೂರಪ್ಪನವರೂ ಕುಮಾರಸ್ವಾಮಿಯವರೂ ಆಣೆ ಪ್ರಮಾಣಕ್ಕೆಂದು ನಮ್ಮ ಜಿಲ್ಲೆಯ ಧರ್ಮಸ್ಥಳಕ್ಕೇ ಬಂದು, ಮಂಜುನಾಥನ ದರ್ಶನ ಮಾಡಿ, ಆಣೆಯನ್ನೂ ಮಾಡದೆ ಪ್ರಮಾಣವನ್ನೂ ಮಾಡದೆ ಹಿಂತಿರುಗಿದರು. ಅಲ್ಲಿಯೂ ದಾಖಲಾದದ್ದು ಹಾಜರಿ ಮಾತ್ರ. ನಾಸ್ತಿಕ ನಾಯಕನ ಮೇಲೆ ಆರೋಪ ಬಂದರೆ ಅವನನ್ನು ಎಲ್ಲಿಗೆ ಕರೆಯುವುದು? ನ್ಯಾಯಾಲಯಕ್ಕೆ ಕರೆಯಬೇಕಾದೀತು. ಅಷ್ಟು ದೂರ ಯೋಚಿಸಲು ಯಾರಿಗೆ ಪುರುಸೊತ್ತಿದೆ?

ನಗುವಷ್ಟು ನಕ್ಕಾಯಿತು. ವಿಚಾರವಾದಿ ನರೇಂದ್ರ ದಾಭೋಲ್ಕರ್ ಅವರು ಓಟು ಕೇಳಿರಲಿಲ್ಲ. ಮಾಟಮಂತ್ರದ ಹೆಸರಿನಲ್ಲಿ ಬಡವರನ್ನು ಸುಲಿಯುವುದರ ವಿರುದ್ಧ ಒಂದು ಕಾನೂನು ಮಾಡಿ ಎಂದು ಕೇಳುತ್ತ ಮಹಾರಾಷ್ಟ್ರದಲ್ಲಿ ವರ್ಷಾನುಗಟ್ಟಲೆ ಅಲೆದಿದ್ದರು. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ವಾಕಿಂಗ್ ಹೊರಟವರನ್ನು ಗುಂಡಿಟ್ಟು ಕೊಂದರು. ವರ್ಷಗಳಿಂದ ಕಡತದಲ್ಲಿ ಮಲಗಿದ್ದ ಮಸೂದೆಗೆ ಮರುದಿನವೇ ಸಂಪುಟದಲ್ಲಿ ಸುಗ್ರೀವಾಜ್ಞೆಯ ಯೋಗ ಬಂತು. ಎರಡು ವರ್ಷಗಳ ನಂತರ ಧಾರವಾಡದಲ್ಲಿ ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಿನಲ್ಲಿಯೇ ಕೊಂದರು. ಬಾಗಿಲು ತೆರೆದರೆ ಗುಂಡು ಬೀಳುವ ನಾಡಿನಲ್ಲಿ ಕುಳಿತು, ಇಂಥವರು ಪ್ರಧಾನಿಯಾಗಬಹುದೇ ಎಂದು ಹರಟುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಪುಣೆಯ ಪ್ರಕರಣದಲ್ಲಿ ಇಬ್ಬರಿಗೆ ಶಿಕ್ಷೆಯಾಗಲು 2024 ಬರಬೇಕಾಯಿತು.

ಆದರೂ ಹಟ ಹಿಡಿದು ನಿಲ್ಲುವ ನಾಸ್ತಿಕನಿಗೆ ಒಂದೇ ಒಂದು ಅನುಕೂಲವಿದೆ. ನಾಮಪತ್ರ ಸ್ವೀಕರಿಸುವುದು 11 ಗಂಟೆಯಿಂದ 3 ಗಂಟೆಯವರೆಗೆ. ಬುಧವಾರ 12ರಿಂದ ಒಂದೂವರೆಯವರೆಗೆ ರಾಹುಕಾಲ. ಉಳಿದವರೆಲ್ಲ ಬೆಂಬಲಿಗರೊಂದಿಗೆ ಹೊರಗೆ ಕಾರಿನಲ್ಲಿ ಎಸಿ ಹಾಕಿಕೊಂಡು ಗಡಿಯಾರ ನೋಡುತ್ತಿರುವಾಗ ಅವನು ನೇರವಾಗಿ ಒಳಗೆ ಹೋಗಿ ಕೊಟ್ಟು ಬರಬಹುದು.

ಇದನ್ನೆಲ್ಲ ಬರೆಯುವ ನನಗೂ ದೇವರ ಮೇಲೆ ಹೇಳಿಕೊಳ್ಳುವಂಥ ನಂಬಿಕೆಯಿಲ್ಲ. ನಮ್ಮ ಓಣಿಗೆ ಅದು ಗೊತ್ತಿದೆ. ರಶೀದಿ ಪುಸ್ತಕ ಹಿಡಿದು ಬಂದ ಉತ್ಸವ ಸಮಿತಿಯ ಹುಡುಗನಿಗೂ ಅದನ್ನೇ ನೆನಪಿಸಿದೆ. ಅವನು ಪೆನ್ನಿನ ಕ್ಯಾಪು ತೆಗೆಯುತ್ತ, “ನೀವು ನಂಬಬೇಕೂಂತ ಎಂತ ಇಲ್ಲ ಮಾಷ್ಟ್ರೇ, ಬಂದು ಊಟ ಮಾಡಿದ್ರೆ ಆಯ್ತು. ಎಷ್ಟು ಬರೀಲಿ?” ಎಂದ. 1,001 ಎಂದೆ. ಆಮಂತ್ರಣ ಪತ್ರಿಕೆ ಬಂದಾಗ ನೋಡಿದರೆ ಮೂರನೆಯ ಪುಟದ ಸಲಹೆಗಾರರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಇನಿಶಿಯಲ್ ಮಾತ್ರ ತಪ್ಪಾಗಿತ್ತು. ಕೂಡಲೇ ಫೋನ್ ಮಾಡಿದೆ. ಧನ್ಯವಾದದ ಫ್ಲೆಕ್ಸಿನಲ್ಲಿ ಸರಿ ಮಾಡಿಸುತ್ತೇವೆ, ಒಂದು ಫೋಟೋವನ್ನೂ ಕಳುಹಿಸಿ ಎಂದರು. ಕೂದಲಿದ್ದ ಕಾಲದ್ದೊಂದನ್ನು ಹುಡುಕಿ ಕಳುಹಿಸಿದ್ದೇನೆ.